ನೀರಗಂಟಿಯ ತೂಬು, ಊರಿನ ಬಾವಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತುಮಕೂರು ಜಿಲ್ಲೆಯ ಬಯಲುಸೀಮೆಯ ತಾಲ್ಲೂಕುಗಳು. ಬೋರ್‌ವೆಲ್ ಬರುವ ಮುನ್ನ ಇಲ್ಲಿ ಗದ್ದೆ ಅಂದರೆ ಕೆರೆ, ಕೆರೆ ಅಂದರೆ ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಏರಿ ಎಲ್ಲಿ ಜಿನುಗುತ್ತಿದೆ, ಯಾವ ಕಾಲುವೆ ಹೂಳಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಈ ಸೀಮೆಯಲ್ಲಿ ನೀರಗಂಟಿಗಳು ಬಹುಪಾಲು ದಲಿತರು. ತೂಬು ಎತ್ತಿ ಊರಿನ ಗದ್ದೆಗೆಲ್ಲ ನೀರು ಹಾಯಿಸಿದ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಇದು ಬರೀ ಮಡಿ ಮೈಲಿಗೆಯ ನಂಬಿಕೆಯಾಗಿದ್ದರೆ ಆ ನೀರಲ್ಲಿ ಬೆಳೆದ ಭತ್ತವೂ ಮೈಲಿಗೆಯಾಗಬೇಕಿತ್ತು. ಆಗಲಿಲ್ಲ, ಭತ್ತ ಕಣಜ ಸೇರಿತು. ದುಡಿಮೆಯನ್ನು ಒಳಗೆ ಕರೆದು ದುಡಿದವನನ್ನು ಹೊರಗಿಟ್ಟ ಏರ್ಪಾಡು ಇದು.

ಈ ಏರ್ಪಾಡು ನಡೆಯಲು ಯಾರೂ ಯಾರನ್ನೂ ದ್ವೇಷಿಸಬೇಕಿರಲಿಲ್ಲ. ಶಾನುಭೋಗಿಕೆ, ಪಟೇಲಿಕೆ ವಂಶಪಾರಂಪರ್ಯವಾಗಿದ್ದವು. ತೋಟಿ, ತಳವಾರಿಕೆಯೂ ಹಾಗೆಯೇ. ಒಬ್ಬರ ಮಗನಿಗೆ ಲೆಕ್ಕದ ಪುಸ್ತಕ, ಇನ್ನೊಬ್ಬರ ಮಗನಿಗೆ ಚಾಕರಿ. 1961ರ ಕಾಯ್ದೆ ಈ ಹುದ್ದೆಗಳನ್ನು ರದ್ದುಮಾಡಿತು. ಆದರೂ ದಲಿತರಿಗೆ ಮಂಜೂರಾದ ಜಮೀನು ಕೈಜಾರುತ್ತಲೇ ಇತ್ತು. ಅದನ್ನು ತಡೆಯಲೆಂದೇ 1978ರಲ್ಲಿ ಇನ್ನೊಂದು ಕಾಯ್ದೆ ತರಬೇಕಾಯಿತು. ಕಾಯ್ದೆಯ ಕೈಗೆ ಸಿಗದ ಸವಲತ್ತೂ ಒಂದಿದೆ. ಅಮೆರಿಕದಲ್ಲಿ ಬಿಳಿಯ ತನ್ನ ಬಣ್ಣ ಹೇಳಿಕೊಳ್ಳಬೇಕಿಲ್ಲ, ಅವನು ಬರೀ ಮನುಷ್ಯ, ಬಣ್ಣವಿರುವುದು ಕರಿಯರಿಗೆ. ನಮ್ಮಲ್ಲೂ ಊರು ಬರೀ ಊರು. ಅದರಾಚೆಯ ದಲಿತರ ಕೇರಿ ಮಾತ್ರ ಎ.ಕೆ. (ಆದಿ ಕರ್ನಾಟಕ) ಕಾಲೊನಿ. ಮೇಲ್ಜಾತಿಯ ದೊಡ್ಡ ಸವಲತ್ತು ನನಗೆ ಕಾಣುವುದು ಇಲ್ಲೇ.

ಮೀಸಲಾತಿ ಬಂದು ಕಾಲ ಬದಲಾಗಿದೆಯಲ್ಲ ಎನ್ನುತ್ತಾರೆ. ಬದಲಾಗಿರುವುದು ನಿಜ, ಅದು ಸಣ್ಣದೂ ಅಲ್ಲ: ಮೊದಲು ಮಧುಗಿರಿಯಿಂದ, ಬಳಿಕ ಕೊರಟಗೆರೆಯಿಂದ ಗೆದ್ದ ದಲಿತ ನಾಯಕ ಜಿ. ಪರಮೇಶ್ವರ 2018ರಲ್ಲಿ ಉಪಮುಖ್ಯಮಂತ್ರಿಯಾದರು. ಆದರೆ 2019ರ ಸೆಪ್ಟೆಂಬರ್‌ನಲ್ಲಿ ಚಿತ್ರದುರ್ಗ ಮೀಸಲು ಕ್ಷೇತ್ರದ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದಾಗ, ಮಾದಿಗರೆಂಬ ಕಾರಣಕ್ಕೆ ಅವರನ್ನು ಒಳಗೆ ಬಿಡಲಿಲ್ಲ. ಅವರು ಹೊರಗಿನಿಂದಲೇ ವಾಪಸಾದರು. ಹಟ್ಟಿಯವರೂ ಬಡವರೇ, ಹಿಂದುಳಿದವರೇ, ಅವರಿಗೆಂಥ ಸವಲತ್ತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಮೆರಿಕದ ಬಡ ಬಿಳಿಯನ ಜೇಬೂ ಖಾಲಿಯೇ ಇತ್ತು. ಆದರೂ ಕರಿಯರಿಗೆ ಮುಚ್ಚಿದ ಹೋಟೆಲಿನ ಬಾಗಿಲು ಅವನಿಗೆ ತೆರೆದಿರುತ್ತಿತ್ತು. ಸವಲತ್ತನ್ನು ಜೇಬು ನೋಡಿ ಅಳೆಯಲಾಗದು. ಯಾರು ಯಾರನ್ನು ಬಾಗಿಲಲ್ಲಿ ತಡೆಯಬಲ್ಲರು ಎಂದು ನೋಡಬೇಕು. ಅದಕ್ಕೇ, ಈ ತಾಲ್ಲೂಕುಗಳ ಪಂಚಾಯಿತಿಗಳು ಕೆರೆಯ ಹೂಳೆತ್ತಿಸುವಾಗ ನೀರಗಂಟಿ ಮನೆತನದವರನ್ನು ಕೂಲಿಗಷ್ಟೇ ಕರೆಯದೆ, ಕೆರೆಯ ಲೆಕ್ಕ ನೋಡುವ ಸಭೆಗೂ ಕರೆಯಲಿ.