ನೌಕರನೂ ನಾಗರಿಕನೂ: ಸಾರ್ವಜನಿಕ ವಲಯದ ಸಂಘಟಿತ ಕಾರ್ಮಿಕರ ರಾಜಕೀಯ ಹಕ್ಕುಗಳು – ಒಂದು ಚಾರಿತ್ರಿಕ ವಿವೇಚನೆ

ಪ್ರಭುತ್ವವೇ ಒಡೆಯನಾಗಿರುವ ಕಾರ್ಖಾನೆ, ಕಚೇರಿ, ರೈಲ್ವೆಗಳಲ್ಲಿ ದುಡಿಯುವ ವ್ಯಕ್ತಿಯ ಸ್ಥಾನ ವಿಶಿಷ್ಟವಾದುದು. ಮತದಾರನಾಗಿ ಆತ ತನ್ನ ಒಡೆಯನನ್ನು ಆರಿಸುವವನು. ನೌಕರನಾಗಿ ಅದೇ ಒಡೆಯನ ಶಿಸ್ತಿಗೆ ಒಳಪಟ್ಟವನು. ಖಾಸಗಿ ಗಿರಣಿಯ ಕಾರ್ಮಿಕನಿಗೆ ಈ ಇಕ್ಕಟ್ಟು ಇಲ್ಲ. ಆತನ ವೇತನದ ಬೇಡಿಕೆ ಮಾಲೀಕನ ವಿರುದ್ಧ, ರಾಜಕೀಯ ಟೀಕೆ ಸರ್ಕಾರದ ವಿರುದ್ಧ. ಸಾರ್ವಜನಿಕ ವಲಯದಲ್ಲಿ ಇವೆರಡೂ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತವೆ. ಭಾರತದ ಕಾನೂನು ವ್ಯವಸ್ಥೆಯು ಕೈಗಾರಿಕಾ ಬೇಡಿಕೆಯನ್ನೂ ರಾಜಕೀಯ ಚಟುವಟಿಕೆಯನ್ನೂ ಬೇರೆಬೇರೆಯಾಗಿ ಇರಿಸಲು ಬಹುಕಾಲ ಯತ್ನಿಸಿತು. ಆದರೆ ಸರ್ಕಾರವೇ ಉದ್ಯೋಗದಾತನಾಗಿರುವಲ್ಲಿ ಈ ಗಡಿ ಸ್ಥಿರವಾಗಿ ಉಳಿಯಲಿಲ್ಲ ಎಂಬುದನ್ನು 1926ರಿಂದೀಚಿನ ಚರಿತ್ರೆ ಸ್ಪಷ್ಟಪಡಿಸುತ್ತದೆ.

ವಸಾಹತು ಕಾಲದ ಎರಡು ಧಾರೆಗಳು

ಬ್ರಿಟಿಷ್ ಆಡಳಿತವು ಈ ವಿಷಯದಲ್ಲಿ ಪರಸ್ಪರ ವಿರುದ್ಧವಾದ ಎರಡು ಪರಂಪರೆಗಳನ್ನು ಬಿಟ್ಟುಹೋಯಿತು. ಮೊದಲನೆಯದು 1926ರ ಕಾರ್ಮಿಕ ಸಂಘಗಳ ಕಾಯ್ದೆ. ಇದರ 16ನೆಯ ಕಲಂ ನೋಂದಾಯಿತ ಸಂಘವು ತನ್ನ ಸಾಮಾನ್ಯ ನಿಧಿಯಿಂದ ಪ್ರತ್ಯೇಕವಾಗಿ ರಾಜಕೀಯ ನಿಧಿಯೊಂದನ್ನು ಹೊಂದಲು ಅವಕಾಶ ಮಾಡಿಕೊಟ್ಟಿತು. ಚುನಾವಣಾ ಅಭ್ಯರ್ಥಿಗಳ ವೆಚ್ಚ, ಸಭೆಗಳು, ಪ್ರಚಾರ ಸಾಹಿತ್ಯ ಮೊದಲಾದವಕ್ಕೆ ಈ ನಿಧಿಯನ್ನು ಬಳಸಬಹುದಾಗಿತ್ತು. ಆದರೆ ಅದಕ್ಕೆ ವಂತಿಗೆ ನೀಡುವಂತೆ ಯಾವ ಸದಸ್ಯನನ್ನೂ ಬಲವಂತಪಡಿಸುವಂತಿರಲಿಲ್ಲ. ನೀಡದವನಿಗೆ ಸಂಘದ ಸೌಲಭ್ಯಗಳನ್ನು ನಿರಾಕರಿಸುವಂತೆಯೂ ಇರಲಿಲ್ಲ. ಕಾರ್ಮಿಕ ಸಂಘಕ್ಕೆ ರಾಜಕೀಯ ಧ್ವನಿ ಇರುವುದು ಸಹಜವೆಂಬ ತತ್ತ್ವವನ್ನು ಈ ಕಾಯ್ದೆ ಒಪ್ಪಿಕೊಂಡಿತ್ತು.

ಎರಡನೆಯ ಪರಂಪರೆ ನಡತೆ ನಿಯಮಗಳದ್ದು. 1935ರ ಸರ್ಕಾರಿ ನೌಕರರ ನಡತೆ ನಿಯಮಗಳು ನೌಕರರು ರಾಜಕೀಯ ಚಳವಳಿಗಳಲ್ಲಿ ಭಾಗವಹಿಸುವುದನ್ನು ನಿಷೇಧಿಸಿದವು. ಸ್ವಾತಂತ್ರ್ಯಾನಂತರವೂ ಈ ಧೋರಣೆ ಮುಂದುವರಿಯಿತು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 5ನೆಯ ನಿಯಮದ ಪ್ರಕಾರ ಸರ್ಕಾರಿ ನೌಕರನು ಯಾವುದೇ ರಾಜಕೀಯ ಪಕ್ಷದ ಸದಸ್ಯನಾಗುವಂತಿಲ್ಲ. ಕರ್ನಾಟಕದಲ್ಲಿ 1966ರ ನಡತೆ ನಿಯಮಗಳು ಇದೇ ಜಾಡಿನಲ್ಲಿ ಸಾಗಿದವು. 2021ರಲ್ಲಿ ಹೊಸ ನಿಯಮಗಳು ಅವುಗಳ ಸ್ಥಾನವನ್ನು ಪಡೆದವು. ಹೀಗೆ ಒಂದು ಕಾಯ್ದೆ ಸಂಘಕ್ಕೆ ಕೊಟ್ಟದ್ದನ್ನು ಇನ್ನೊಂದು ನಿಯಮಾವಳಿ ಸದಸ್ಯನಿಂದ ಕಿತ್ತುಕೊಂಡಿತು.

ಸಂವಿಧಾನ ಮತ್ತು ನ್ಯಾಯಾಲಯಗಳು

1950ರಲ್ಲಿ ಜಾರಿಗೆ ಬಂದ ಸಂವಿಧಾನದ 19ನೆಯ ಅನುಚ್ಛೇದವು ವಾಕ್ ಸ್ವಾತಂತ್ರ್ಯ, ಶಾಂತಿಯುತ ಸಭೆ ಮತ್ತು ಸಂಘ ರಚನೆಯ ಹಕ್ಕುಗಳನ್ನು ಎಲ್ಲ ನಾಗರಿಕರಿಗೂ ನೀಡಿತು. ಈ ಹಕ್ಕುಗಳು ನೌಕರಿಗೆ ಸೇರಿದ ಮೇಲೂ ಉಳಿಯುತ್ತವೆಯೇ ಎಂಬ ಪ್ರಶ್ನೆ ಬೇಗನೆ ನ್ಯಾಯಾಲಯದ ಮೆಟ್ಟಿಲೇರಿತು. ಬಂಗಾಳ–ನಾಗಪುರ ರೈಲ್ವೆಯ ಕೆಲವು ನೌಕರರನ್ನು ಕಮ್ಯೂನಿಸ್ಟ್ ಪಕ್ಷದೊಡನೆ ಮತ್ತು ಅದರ ಕಾರ್ಮಿಕ ಸಂಘಟನೆಯೊಡನೆ ಅವರಿಗಿದ್ದ ಸಂಬಂಧದ ಕಾರಣದಿಂದ 1949ರ ರಾಷ್ಟ್ರೀಯ ಭದ್ರತಾ ನಿಯಮಗಳ ಅಡಿಯಲ್ಲಿ ಕೆಲಸದಿಂದ ತೆಗೆಯಲಾಗಿತ್ತು. 1957ರ ಬಾಲಕೋಟಯ್ಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕ್ರಮವನ್ನು ಎತ್ತಿಹಿಡಿಯಿತು. ಪಕ್ಷಕ್ಕೆ ಸೇರುವ ಹಕ್ಕು ಅವರಿಗೆ ಇದ್ದೇ ಇದೆ, ಸರ್ಕಾರಿ ಸೇವೆಯಲ್ಲಿ ಮುಂದುವರಿಯುವ ಹಕ್ಕು ಮಾತ್ರ ಇಲ್ಲ ಎಂಬುದು ತೀರ್ಪಿನ ಸಾರ. ಹಕ್ಕು ಉಳಿಯಿತು, ಆದರೆ ಅದರ ಬೆಲೆ ಅನ್ನದ ದಾರಿಯಾಯಿತು.

ಐದು ವರ್ಷಗಳೊಳಗೆ ನ್ಯಾಯಾಲಯದ ನಿಲುವಿನಲ್ಲಿ ಗಮನಾರ್ಹ ಬದಲಾವಣೆ ಕಂಡುಬಂದಿತು. 1962ರ ಕಾಮೇಶ್ವರ ಪ್ರಸಾದ್ ಮೊಕದ್ದಮೆಯಲ್ಲಿ ಬಿಹಾರ ಸರ್ಕಾರದ ನಡತೆ ನಿಯಮವು ಎಲ್ಲ ಬಗೆಯ ಮತಪ್ರದರ್ಶನಗಳನ್ನೂ ನಿಷೇಧಿಸಿದ್ದು ಅಸಾಂವಿಧಾನಿಕವೆಂದು ಘೋಷಿಸಲ್ಪಟ್ಟಿತು. ಸರ್ಕಾರಿ ಸೇವೆಗೆ ಸೇರಿದ ಮಾತ್ರಕ್ಕೆ ವ್ಯಕ್ತಿಯು ಮೂಲಭೂತ ಹಕ್ಕುಗಳನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಅಲ್ಲಿ ಸ್ಥಾಪಿತವಾಯಿತು. ಅದೇ ವರ್ಷದ ಓ.ಕೆ. ಘೋಷ್ ಮೊಕದ್ದಮೆಯಲ್ಲಿ, ಸರ್ಕಾರದ ಮಾನ್ಯತೆ ಇಲ್ಲದ ಸಂಘದ ಸದಸ್ಯರಾಗಬಾರದೆಂಬ ಕೇಂದ್ರದ ನಿಯಮವೂ ರದ್ದಾಯಿತು. ಆದರೆ ಮುಷ್ಕರಕ್ಕೆ ಮೂಲಭೂತ ಹಕ್ಕಿನ ಸ್ಥಾನ ದೊರೆಯಲಿಲ್ಲ. ಸಂಘ ಕಟ್ಟುವ ಹಕ್ಕಿನಲ್ಲಿ ಮುಷ್ಕರದ ಹಕ್ಕು ಅಡಕವಾಗಿಲ್ಲವೆಂದು 1961ರಲ್ಲಿಯೇ ಬ್ಯಾಂಕ್ ನೌಕರರ ಮೊಕದ್ದಮೆಯಲ್ಲಿ ತೀರ್ಮಾನವಾಗಿತ್ತು.

ಮುಷ್ಕರ ಮತ್ತು ಪ್ರಭುತ್ವ

ಈ ತೀರ್ಪುಗಳ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರಿ ನೌಕರರ 1960ರ ಜುಲೈ ಮುಷ್ಕರವಿತ್ತು. ಮುಷ್ಕರ ಆರಂಭವಾಗುವ ಮೊದಲೇ ಅಗತ್ಯ ಸೇವೆಗಳ ನಿರ್ವಹಣಾ ಸುಗ್ರೀವಾಜ್ಞೆ ಹೊರಟಿತು. ಐದೇ ದಿನಗಳಲ್ಲಿ ಮುಷ್ಕರ ಮುಗಿಯಿತು. ಸಂಘಗಳೊಡನೆ ನಿಯಮಿತವಾಗಿ ಸಮಾಲೋಚಿಸುವ ಅಗತ್ಯ ಅನಂತರ ಮನವರಿಕೆಯಾಗಿ, 1966ರಲ್ಲಿ ಜಂಟಿ ಸಮಾಲೋಚನಾ ವ್ಯವಸ್ಥೆ ಜಾರಿಗೆ ಬಂದಿತು.

1974ರ ಮೇ 8ರಿಂದ 27ರವರೆಗೆ ನಡೆದ ರೈಲ್ವೆ ಮುಷ್ಕರದಲ್ಲಿ ಸಂಘರ್ಷವು ತಾರಕಕ್ಕೇರಿತು. ಇದರ ನೇತಾರ, ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ಮುಷ್ಕರಕ್ಕೆ ಮೊದಲೇ ಬಂಧಿತರಾದರು. ವೇತನ ಮತ್ತು ಬೋನಸ್ಸಿನ ಬೇಡಿಕೆಯನ್ನು ಸರ್ಕಾರವು ತನ್ನ ಅಧಿಕಾರಕ್ಕೇ ಒಡ್ಡಿದ ಸವಾಲೆಂದು ಭಾವಿಸಿತು. ಸಾವಿರಾರು ನೌಕರರು ಸೆರೆಮನೆ ಸೇರಿದರು, ಕೆಲಸ ಕಳೆದುಕೊಂಡರು. 1977ರ ಚುನಾವಣೆಯ ನಂತರ ಜನತಾ ಸರ್ಕಾರವು ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡಿತು. ಆ ನೌಕರರ ಪಾಲಿಗೆ ನ್ಯಾಯವು ಮತಪೆಟ್ಟಿಗೆಯ ಮೂಲಕ ಬಂದದ್ದು ಈ ಚರಿತ್ರೆಯಲ್ಲಿ ಬಹುಮುಖ್ಯ ಸಂಗತಿ.

ಬೆಂಗಳೂರಿನ ಉದ್ದಿಮೆಗಳು

ರೈಲ್ವೆ, ಅಂಚೆಗಳಂತೆ ಸರ್ಕಾರದ ಇಲಾಖೆಗಳಾಗಿರದೆ, ಕಂಪನಿಗಳಾಗಿ ನೋಂದಾಯಿತವಾದ ಉದ್ದಿಮೆಗಳ ಸ್ಥಿತಿ ಮತ್ತಷ್ಟು ಜಟಿಲ. ಬೆಂಗಳೂರಿನ ಎಚ್.ಎ.ಎಲ್., 1948ರಲ್ಲಿ ಸ್ಥಾಪಿತವಾದ ಐ.ಟಿ.ಐ., 1953ರ ಎಚ್.ಎಂ.ಟಿ., 1954ರ ಬಿ.ಇ.ಎಲ್., 1964ರ ಬಿ.ಇ.ಎಂ.ಎಲ್. ಈ ವರ್ಗಕ್ಕೆ ಸೇರಿದವು. ಇವುಗಳ ಕಾರ್ಮಿಕರು ಕೈಗಾರಿಕಾ ವಿವಾದಗಳ ಕಾಯ್ದೆಯ ವ್ಯಾಪ್ತಿಗೆ ಬಂದುದರಿಂದ, ಅದರ ಷರತ್ತುಗಳಿಗೆ ಒಳಪಟ್ಟು ಮುಷ್ಕರ ಹೂಡಬಲ್ಲವರಾಗಿದ್ದರು. ಆದರೆ ಸರ್ಕಾರಿ ನೌಕರರಿಗೆ ಸಂವಿಧಾನದ 311ನೆಯ ಅನುಚ್ಛೇದವು ನೀಡುವ ಸೇವಾ ರಕ್ಷಣೆ ಇಂತಹ ಕಂಪನಿಗಳ ನೌಕರರಿಗೆ ಅನ್ವಯಿಸದೆಂದು ಹಿಂದೂಸ್ತಾನ್ ಸ್ಟೀಲ್ ಮೊಕದ್ದಮೆಯಲ್ಲಿ ತೀರ್ಮಾನವಾಗಿತ್ತು. ಇನ್ನೊಂದೆಡೆ ಅನೇಕ ಉದ್ದಿಮೆಗಳು ಸರ್ಕಾರಿ ನಡತೆ ನಿಯಮಗಳ ಮಾದರಿಯನ್ನೇ ತಮ್ಮದಾಗಿಸಿಕೊಂಡಿದ್ದವು. ಸರ್ಕಾರಿ ನೌಕರನ ರಕ್ಷಣೆ ಇಲ್ಲದಿದ್ದರೂ ಆತನ ನಿರ್ಬಂಧಗಳು ಹಲವರಿಗೆ ಬಂದವು.

1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಈ ಉದ್ದಿಮೆಗಳಲ್ಲಿ 77 ದಿನಗಳ ಮುಷ್ಕರ ನಡೆಯಿತು. ಒಂದು ಲಕ್ಷಕ್ಕೂ ಹೆಚ್ಚು ಕಾರ್ಮಿಕರನ್ನು ಒಳಗೊಂಡ ಈ ಮುಷ್ಕರದ ಮುಖ್ಯ ಬೇಡಿಕೆ ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಮನಾದ ವೇತನ. ಮೇಲ್ನೋಟಕ್ಕೆ ಇದು ಶುದ್ಧ ಆರ್ಥಿಕ ಬೇಡಿಕೆ. ಆದರೆ ವೇತನದ ಮಿತಿಯನ್ನು ನಿರ್ಧರಿಸುವ ಅಧಿಕಾರ ಬೆಂಗಳೂರಿನ ಆಡಳಿತ ವರ್ಗದ ಕೈಯಲ್ಲಿರಲಿಲ್ಲ. ಅದು ದೆಹಲಿಯ ಸಾರ್ವಜನಿಕ ಉದ್ದಿಮೆಗಳ ಬ್ಯೂರೋದ ಮಾರ್ಗಸೂಚಿಗಳಿಗೆ ಕಟ್ಟುಬಿದ್ದಿತ್ತು. ಮಾತುಕತೆಯ ಮೇಜಿನ ಎದುರಿಗೆ ಕುಳಿತವರಿಗೆ ತೀರ್ಮಾನಿಸುವ ಅಧಿಕಾರವಿಲ್ಲ, ಅಧಿಕಾರವಿದ್ದವರು ಮೇಜಿಗೆ ಬರುವುದಿಲ್ಲ ಎಂಬ ಸ್ಥಿತಿ ಏರ್ಪಟ್ಟಿತು. ಆದ್ದರಿಂದ ಕಾರ್ಮಿಕರ ನಾಯಕರು ಬಯಸಿದರೂ ಬಯಸದಿದ್ದರೂ ಬೇಡಿಕೆಯು ಕೇಂದ್ರ ಸರ್ಕಾರದ ನೀತಿಯ ವಿರುದ್ಧದ ದನಿಯಾಯಿತು. ಮುಖ್ಯ ಬೇಡಿಕೆ ಈಡೇರದೆಯೇ ಕಾರ್ಮಿಕರು ಕೆಲಸಕ್ಕೆ ಮರಳಿದರು. ಕೆಲವೇ ತಿಂಗಳುಗಳಲ್ಲಿ, 1981ರ ಜುಲೈನಲ್ಲಿ, ಅಗತ್ಯ ಸೇವೆಗಳ ಸುಗ್ರೀವಾಜ್ಞೆಯೊಂದು ಹೊರಟು, ಸೆಪ್ಟೆಂಬರ್‌ನಲ್ಲಿ ಅದು ಕಾಯ್ದೆಯಾಯಿತು.

ರಕ್ಷಣೆಯ ವಿಸ್ತರಣೆ, ಹಕ್ಕಿನ ಸಂಕೋಚ

ಇದೇ ಅವಧಿಯಲ್ಲಿ ನ್ಯಾಯಾಲಯಗಳು ಬೇರೊಂದು ದಾರಿಯಿಂದ ರಕ್ಷಣೆಯನ್ನು ವಿಸ್ತರಿಸಿದವು. 1975ರ ಸುಖದೇವ್ ಸಿಂಗ್ ಮೊಕದ್ದಮೆಯಲ್ಲಿ ಶಾಸನಬದ್ಧ ನಿಗಮಗಳು, 1981ರ ಸೋಮ್ ಪ್ರಕಾಶ್ ರೇಖಿ ಮೊಕದ್ದಮೆಯಲ್ಲಿ ಸರ್ಕಾರಿ ಕಂಪನಿ, ಮೂಲಭೂತ ಹಕ್ಕುಗಳ ದೃಷ್ಟಿಯಿಂದ ‘ಪ್ರಭುತ್ವ’ದ ಭಾಗವೆಂದು ಪರಿಗಣಿತವಾದವು. 1983ರಲ್ಲಿ, ಹಿಂದಿನ ರಾಜಕೀಯ ಚಟುವಟಿಕೆಯ ಆಧಾರದ ಮೇಲೆ ಮಧ್ಯಪ್ರದೇಶದ ಶಿಕ್ಷಕರೊಬ್ಬರನ್ನು ತೆಗೆದುಹಾಕಿದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯ ಮಾನ್ಯ ಮಾಡಲಿಲ್ಲ. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಈ ತೀರ್ಪು 1957ರ ಧೋರಣೆಯಿಂದ ಬಹುದೂರ ಸಾಗಿದೆ. ಕಾರಣ ನೀಡದೆ, ಕೇವಲ ಮೂರು ತಿಂಗಳ ನೋಟಿಸಿನ ಮೇಲೆ ಕಾಯಂ ನೌಕರನನ್ನು ತೆಗೆಯುವ ನಿಯಮವು 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಮೊಕದ್ದಮೆಯಲ್ಲಿ ಅಸಿಂಧುವಾಯಿತು. ಕಾರಣ ಹೇಳದೆ ತೆಗೆಯುವ ಅಧಿಕಾರ ಇರುವವರೆಗೆ ಟೀಕಿಸುವ ಹಕ್ಕಿಗೆ ಅರ್ಥವಿಲ್ಲವಾದ್ದರಿಂದ, ರಾಜಕೀಯ ಹಕ್ಕುಗಳ ದೃಷ್ಟಿಯಿಂದಲೂ ಈ ತೀರ್ಪು ಮಹತ್ವದ್ದು.

ಆದರೆ 1990ರ ದಶಕದ ನಂತರ ಪ್ರವಾಹ ಹಿಂದಿರುಗಿತು. 1998ರಲ್ಲಿ ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಆಡಳಿತದ ವಿರುದ್ಧ ದೂರಿ ನೌಕರನು ನೇರವಾಗಿ ರಾಜ್ಯಪಾಲರಿಗೆ ಪತ್ರ ಬರೆದದ್ದು ಅಲ್ಲಿನ ಆರೋಪಗಳಲ್ಲೊಂದು. ನಿಗಮದ ಹಿತಾಸಕ್ತಿ ಅಥವಾ ಪ್ರತಿಷ್ಠೆಗೆ ಧಕ್ಕೆ ತರುವ ವರ್ತನೆಯನ್ನು ಶಿಕ್ಷಾರ್ಹವಾಗಿಸುವ 22ನೆಯ ನಿಯಮವು ಸಂಸ್ಥೆಯ ದಕ್ಷ ನಿರ್ವಹಣೆಗಾಗಿ ಇರುವುದೇ ಹೊರತು ವಾಕ್ ಸ್ವಾತಂತ್ರ್ಯವನ್ನು ಹತ್ತಿಕ್ಕಲು ಅಲ್ಲವೆಂದು ನ್ಯಾಯಾಲಯ ಭಾವಿಸಿ, ವಜಾ ಆದೇಶವನ್ನು ಎತ್ತಿಹಿಡಿಯಿತು. ‘ಪ್ರತಿಷ್ಠೆ’ ಎಂಬ ಪದದ ವ್ಯಾಪ್ತಿ ಎಲ್ಲಿ ಮುಗಿಯುತ್ತದೆ ಎಂಬುದು ಮಾತ್ರ ಬಗೆಹರಿಯದೆ ಉಳಿಯಿತು. 2003ರಲ್ಲಿ ತಮಿಳುನಾಡು ಸರ್ಕಾರವು ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರನ್ನು ವಜಾ ಮಾಡಿದಾಗ, ರಂಗರಾಜನ್ ಮೊಕದ್ದಮೆಯ ತೀರ್ಪು ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ, ಶಾಸನಬದ್ಧ ಅಥವಾ ನೈತಿಕ ಹಕ್ಕು ಯಾವುದೂ ಇಲ್ಲವೆಂದು ಸಾರಿತು.

ಶಾಸನದ ಚೌಕಟ್ಟೂ ಬದಲಾಗಿದೆ. 1926 ಮತ್ತು 1947ರ ಕಾಯ್ದೆಗಳನ್ನು ಒಳಗೊಂಡ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಹಿಂದೆ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಮಾತ್ರ ಕಡ್ಡಾಯವಾಗಿದ್ದ ಮುಷ್ಕರದ ಪೂರ್ವಸೂಚನೆ ಈಗ ಎಲ್ಲ ಕೈಗಾರಿಕಾ ಸಂಸ್ಥೆಗಳಿಗೂ ವಿಸ್ತರಿಸಿದೆ. ಸರ್ಕಾರಿ ನೌಕರರ ಮೇಲೆ ಅಗತ್ಯವೆನಿಸಿದ ಒಂದು ಬಗೆಯ ನಿರ್ಬಂಧ ಹೀಗೆ ಖಾಸಗಿ ಕಾರ್ಮಿಕರನ್ನೂ ತಲುಪಿರುವುದು ವಿಚಾರಾರ್ಹ.

ಉಪಸಂಹಾರ

ಒಟ್ಟಾರೆಯಾಗಿ ನೋಡಿದಾಗ ಈ ಚರಿತ್ರೆ ಏಕಮುಖವಾದ ಪ್ರಗತಿಯದ್ದೂ ಅಲ್ಲ, ಅವನತಿಯದ್ದೂ ಅಲ್ಲ. ಕಡತದ ಮುಂದೆ ಕುಳಿತ ಅಧಿಕಾರಿ ಎಲ್ಲ ಪಕ್ಷಗಳ ಪ್ರಜೆಗಳನ್ನೂ ಸಮನಾಗಿ ಕಾಣಬೇಕೆಂಬ ನಿರೀಕ್ಷೆ ನ್ಯಾಯವಾದದ್ದೇ. ಆದರೆ ತೀರ್ಮಾನಾಧಿಕಾರವುಳ್ಳ ಅಧಿಕಾರಿಗೆ ಅಗತ್ಯವಾದ ನಿಷ್ಪಕ್ಷಪಾತದ ಅಳತೆಗೋಲನ್ನು ಲೇತ್ ಯಂತ್ರ ನಡೆಸುವ ಕಾರ್ಮಿಕನಿಗೂ, ಗ್ಯಾಂಗ್‌ಮನ್‌ಗೂ ಹಿಡಿದಾಗ ನಿಯಮವು ತನ್ನ ಉದ್ದೇಶವನ್ನು ಮೀರುತ್ತದೆ. ಹಕ್ಕಿನ ಮಿತಿಯು ನೌಕರನು ಮಾಡುವ ಕೆಲಸದ ಸ್ವರೂಪಕ್ಕೆ ತಕ್ಕಂತಿರಬೇಕೇ ವಿನಾ ಸಂಬಳ ಕೊಡುವವನು ಯಾರೆಂಬುದಕ್ಕೆ ತಕ್ಕಂತೆ ಅಲ್ಲ. ಬೆಂಗಳೂರಿನ 77 ದಿನಗಳು ತೋರಿಸಿದಂತೆ, ಸರ್ಕಾರವೇ ಒಡೆಯನಾಗಿರುವಲ್ಲಿ ವೇತನದ ಮಾತೂ ರಾಜಕೀಯದ ಮಾತೇ ಆಗುತ್ತದೆ. ಸಂಘವಿದ್ದೂ ಆ ಮಾತನ್ನು ಆಡಲಾಗದಿದ್ದರೆ ಸಂಘ ರಚನೆಯ ಹಕ್ಕು ನೋಂದಣಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ.