ಹೆದ್ದಾರಿಯ ಎರಡು ದಡಗಳು

ನಾಸಿಕ ನಗರದ ಅಂಚಿನಲ್ಲಿ, ಮುಂಬಯಿ-ಆಗ್ರಾ ಹೆದ್ದಾರಿಯ ಮಗ್ಗುಲಲ್ಲೇ ಎದ್ದು ನಿಂತಿರುವ ಗುಡ್ಡಕ್ಕೆ ಜನ ಪಾಂಡವಲೇಣಿ ಎನ್ನುತ್ತಾರೆ. ಪಾಂಡವರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅವು ಬೌದ್ಧ ಭಿಕ್ಷುಗಳಿಗಾಗಿ ಕೊರೆದ ಗುಹೆಗಳು. ಗುಡ್ಡದ ಹಳೆಯ ಹೆಸರು ತ್ರಿರಶ್ಮಿ. ವರ್ಗಾವಣೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ನಾವು ಒಂದು ಭಾನುವಾರ ಮೆಟ್ಟಿಲೇರಿ ಹೋಗಿ, 10ನೆಯ ಗುಹೆಯ ಮುಂಗಟ್ಟಿನ ಬ್ರಾಹ್ಮೀ ಅಕ್ಷರಗಳ ಎದುರು ಬಹಳ ಹೊತ್ತು ನಿಂತಿದ್ದೆವು. ಓದಲು ಬರುತ್ತಿತ್ತೆಂದಲ್ಲ, ಅದರ ಸಾರವನ್ನು ಮೊದಲೇ ಪುಸ್ತಕದಲ್ಲಿ ಓದಿಕೊಂಡು ಹೋಗಿದ್ದೆವು.

ಆ ಶಾಸನ ಕ್ಷಹರಾತ ದೊರೆ ನಹಪಾನನ ಅಳಿಯ ಉಷವದಾತನದು. ಸುಮಾರು ಹತ್ತೊಂಬತ್ತು ಶತಮಾನಗಳ ಹಿಂದಿನ ಮಾತು. ಗೋದಾನ, ಗ್ರಾಮದಾನ ಎಂದು ದಾನಿಗಳು ಸಾಮಾನ್ಯವಾಗಿ ಹೇಳಿಕೊಳ್ಳುವುದೆಲ್ಲ ಅದರಲ್ಲಿದೆ. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆಯ ಸಂಗತಿ. ಇಬಾ, ಪಾರಾದಾ, ದಮಣ, ತಾಪಿ, ಕರಬೇಣಾ, ದಾಹನುಕಾ ಎಂಬ ಆರು ನದಿಗಳಲ್ಲಿ ದಾರಿಹೋಕರು ಕಾಸು ಕೊಡದೆ ದಾಟುವಂತೆ ಆತ ದೋಣಿಗಳನ್ನು ಇರಿಸಿದ. ಆ ನದಿಗಳ ಎರಡೂ ದಡಗಳಲ್ಲಿ ತಂಗಲು ಸಭೆಗಳನ್ನೂ ನೀರು ಕುಡಿಯಲು ಅರವಟ್ಟಿಗೆಗಳನ್ನೂ ಮಾಡಿಸಿದ. ಬಾರ್ಣಾಸಾ ಎಂಬ ಇನ್ನೊಂದು ನದಿಯಲ್ಲಿ ತೀರ್ಥವನ್ನು ಕಟ್ಟಿಸಿದ್ದನ್ನೂ ಶಾಸನ ಹೇಳುತ್ತದೆ. ಒಂದು ದಡಕ್ಕಲ್ಲ, ಎರಡೂ ದಡಗಳಿಗೆ ಎಂಬುದನ್ನು ಗಮನಿಸಬೇಕು. ದಾಟಲು ಹೊರಟವನು ಈಚೆ ಕಾಯುವಾಗಲೂ ಆಚೆ ಮುಟ್ಟಿದ ಮೇಲೂ ಮನುಷ್ಯನೇ ಎಂಬ ತಿಳಿವಳಿಕೆ ಆ ಸಾಲಿನಲ್ಲಿದೆ.

ತೀರ್ಥ ಎಂಬ ಮಾತನ್ನು ನಾವೀಗ ಪೂಜೆಯ ಉದ್ಧರಣೆಗೆ ಇಳಿಸಿಬಿಟ್ಟಿದ್ದೇವೆ. ಅದರ ಮೂಲಾರ್ಥ ದಾಟುವ ತಾಣ, ಹೊಳೆಯ ಹಾಯ್ಗಡ. ತೀರ್ಥಂಕರನೆಂದರೆ ಹಾಯ್ಗಡವನ್ನು ಮಾಡಿಕೊಟ್ಟವನು. ನಾಸಿಕವನ್ನು ತೀರ್ಥಕ್ಷೇತ್ರವೆಂದು ಕರೆಯುವಾಗ, ಅರಿಯದೆಯೇ, ಇದು ಸುರಕ್ಷಿತವಾಗಿ ದಾಟಬಹುದಾದ ಊರು ಎಂದು ಹೇಳಿದಂತಾಗುತ್ತದೆ.

ಗುಡ್ಡದಿಂದ ಇಳಿದು ಹೆದ್ದಾರಿಯ ಬದಿಗೆ ಬಂದಾಗ ಆ ಮಾತು ನಮಗೆ ಅಣಕದಂತೆ ಕೇಳಿಸಿತು. ನಗರದ ಮೇಲೆ ಹಲವು ಕಿಲೋಮೀಟರು ಸಾಗುವ ಮೇಲ್ಸೇತುವೆ, ಅದರ ಕೆಳಗೂ ಬದಿಯಲ್ಲೂ ಲಾರಿ, ಬಸ್ಸು, ರಿಕ್ಷಾ, ದ್ವಿಚಕ್ರಗಳ ತೆರಪಿಲ್ಲದ ಹರಿವು. ಪಾಥರ್ಡಿ ಫಾಟಾದಲ್ಲಿ ಕೊತ್ತಂಬರಿಯ ಗಂಟು ಹೊತ್ತ ಹೆಂಗಸೊಬ್ಬಳು ಅಂಗೈಯನ್ನು ಮುಂದೆ ಚಾಚಿ, ಹೆಜ್ಜೆಯಿಟ್ಟು, ಹಿಂದೆ ಸರಿದು, ಮತ್ತೆ ಹೆಜ್ಜೆಯಿಡುತ್ತಿದ್ದಳು. ನದಿಗಾದರೂ ಬೇಸಗೆಯಲ್ಲಿ ನೀರು ಇಳಿಯುತ್ತದೆ.

ಈ ನಾಡಿನ ದಾರಿಗಳನ್ನು ಮಾಡಿದ್ದು ಕಾಲುಗಳು ಮತ್ತು ಎತ್ತಿನ ಗಾಲಿಗಳು. ಕ್ರಿ.ಶ. ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬನ ಪೆರಿಪ್ಲಸ್ ಗ್ರಂಥ ಭರೂಚಿನಿಂದ ಪೈಠಣಕ್ಕೆ 20 ದಿನಗಳ ಪ್ರಯಾಣವೆಂದೂ ಅಲ್ಲಿಂದ ತೇರಿಗೆ ಪೂರ್ವದತ್ತ ಇನ್ನು 10 ದಿನಗಳೆಂದೂ ಲೆಕ್ಕ ಕೊಡುತ್ತದೆ. ಅಂದು ದೂರವನ್ನು ದಿನಗಳಿಂದ, ಅಂದರೆ ನಡೆಯುವ ದೇಹದಿಂದ, ಅಳೆಯುತ್ತಿದ್ದರು. ಆ ಪೈಠಣ ಇಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಇತ್ತೆಂದು ಕವಿರಾಜಮಾರ್ಗ ಹೇಳುವ ಆ ಗೋದಾವರಿಯೂ ಇದೇ; ನಾಸಿಕದಿಂದ ಪೈಠಣಕ್ಕೆ ಹರಿಯುವುದು. ನಮ್ಮ ಎರಡನೆಯ ವರ್ಗಾವಣೆಯೂ, ಅದರ ಜೊತೆಗೆ ಈ ಪ್ರಬಂಧವೂ, ಹೊಳೆಯ ಹಾದಿಯಲ್ಲೇ ಸಂಭಾಜಿನಗರಕ್ಕೆ ಬಂದಿವೆ.

2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಈ ನಗರವನ್ನು ಮಲಿಕ್ ಅಂಬರ್ 1610ರಲ್ಲಿ ಖಡ್ಕಿ ಎಂಬ ಹೆಸರಿನಿಂದ ಕಟ್ಟಿದ. 1682ರಲ್ಲಿ ಔರಂಗಜೇಬ ಕೋಟೆಗೋಡೆ ಹಾಕಿಸಿದ. ದರವಾಜೆಗಳ ಊರೆಂದೇ ಇದು ಪ್ರಸಿದ್ಧ. ಭಡ್ಕಲ್, ಮಕಾಯಿ, ಪೈಠಣ, ರೋಶನ್, ದಿಲ್ಲಿ ದರವಾಜೆಗಳು ಇನ್ನೂ ನಿಂತಿವೆ. ಶತ್ರುವನ್ನು ತಡೆಯಲು ಕಟ್ಟಿದ ದರವಾಜೆ ಮಿತ್ರನ ವೇಗವನ್ನೂ ತಡೆಯುತ್ತಿತ್ತೆಂಬುದನ್ನು ಇತಿಹಾಸಕಾರರು ಅಷ್ಟಾಗಿ ಹೇಳುವುದಿಲ್ಲ. ಕಮಾನಿನ ಬಳಿ ಆನೆಯೂ ಕುದುರೆಯೂ ಬಂಡಿಯೂ ನಿಧಾನಿಸಲೇಬೇಕು. ಕಾವಲಿನವನು ಮುಖ ನೋಡಬೇಕು, ಬಂದವನು ಅವನ ಮುಖ ನೋಡಬೇಕು. ಖಾಮ್ ನದಿಯ ಸೇತುವೆಗೆ ಹೊಂದಿಕೊಂಡ ಮಕಾಯಿ ದರವಾಜೆಯಲ್ಲಿ ಎದುರಿನ ರಿಕ್ಷಾದವನು ಕೈಸನ್ನೆಯಿಂದ ನಮ್ಮನ್ನು ಮೊದಲು ಬಿಟ್ಟುಕೊಟ್ಟ ದಿನವೊಂದಿದೆ. ಆ ಇಕ್ಕಟ್ಟಿನಲ್ಲಿ ಅದೇ ಶಿಷ್ಟಾಚಾರ. ಅವನೇ ಜಾಲ್ನಾ ರಸ್ತೆಗೆ ಬಿದ್ದರೆ ಯಾರ ಮುಖವನ್ನೂ ನೋಡಲಾರ. ಮನುಷ್ಯ ಅವನೇ, ರಸ್ತೆ ಬೇರೆ.

ಈ ನಗರ ಅಂದು ನಿಜಾಮನ ಸಂಸ್ಥಾನದಲ್ಲಿತ್ತು. ನಮ್ಮ ಬೀದರ, ಕಲಬುರಗಿ, ರಾಯಚೂರುಗಳೂ 1956ರವರೆಗೆ ಇದರೊಡನೆ ಒಂದೇ ರಾಜ್ಯದಲ್ಲಿದ್ದವು. 1932ರಲ್ಲಿ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ಬಸ್ಸುಗಳೊಂದಿಗೆ ಆರಂಭವಾಯಿತು. ಇಡೀ ಸಂಸ್ಥಾನಕ್ಕೆ 27 ಬಸ್ಸು! ರಸ್ತೆ ಆಗಿನ್ನೂ ನಡೆಯುವವನದೇ; ಮೋಟಾರು ಅಪರೂಪದ ಅತಿಥಿ.

ಅತಿಥಿ ಯಜಮಾನನಾದ ಕಥೆ ನಮ್ಮಲ್ಲಿ ಬರೆದಿಟ್ಟಷ್ಟು ಸ್ಪಷ್ಟವಾಗಿಲ್ಲ. ಇಂಗ್ಲಿಷ್ ಎಂ.ಎ. ಓದಿದ ಅಭ್ಯಾಸದಿಂದ ನಾವು ಅದನ್ನು ಆ ಭಾಷೆಯಲ್ಲಿ ಹುಡುಕಿದೆವು. 1865ರ ಬ್ರಿಟಿಷ್ ಕಾನೂನಿನಂತೆ ಸ್ವಯಂಚಾಲಿತ ಬಂಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. 1896ರ ಆಗಸ್ಟ್ 17ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಮೋಟಾರಿಗೆ ಸಿಕ್ಕಿ ಸತ್ತಾಗ, ಇಂಥದ್ದು ಮತ್ತೆಂದೂ ನಡೆಯದಿರಲಿ ಎಂದು ವಿಚಾರಣಾಧಿಕಾರಿ ಆಶಿಸಿದನಂತೆ. ಮೂರು ದಶಕ ಕಳೆಯುವಷ್ಟರಲ್ಲಿ ಅಮೆರಿಕದಲ್ಲಿ ಗಾಳಿ ತಿರುಗಿತ್ತು. ‘ಜೇ’ ಎಂದರೆ ಅಲ್ಲಿಯ ಆಡುಮಾತಿನಲ್ಲಿ ಪಟ್ಟಣದ ರೀತಿ ತಿಳಿಯದ ಹಳ್ಳಿಗುಗ್ಗು. ಬೇಕಾದಲ್ಲಿ ರಸ್ತೆ ದಾಟುವವನಿಗೆ ‘ಜೇವಾಕರ್’ ಎಂಬ ಬೈಗುಳವನ್ನು ಅಂಟಿಸಿ, ಮೋಟಾರು ವ್ಯಾಪಾರಿಗಳೂ ಕ್ಲಬ್ಬುಗಳೂ ಅದನ್ನು ಊರೂರಲ್ಲಿ ಹರಡಿದರು. 1925ರಲ್ಲಿ ಲಾಸ್ ಏಂಜಲಿಸ್ ನಗರ ಪಾದಚಾರಿಗಳನ್ನು ಕಟ್ಟಿಹಾಕುವ ನಿಯಮವನ್ನೇ ತಂದಿತು. ಹೀಗೆ ತಪ್ಪು ಚಕ್ರದಿಂದ ಕಾಲಿಗೆ ವರ್ಗಾವಣೆಯಾಯಿತು. ನಮ್ಮ ಭಾಷೆಗಳಿಗೆ ಹೊಸ ಬೈಗುಳ ಬೇಕಾಗಲಿಲ್ಲ. ಕನ್ನಡದಲ್ಲಿ ಸತ್ತವನು ಗಾಡಿಗೆ ‘ಅಡ್ಡ ಬಂದ’. ಮರಾಠಿಯಲ್ಲೂ ಅವನು ‘ಆಡವಾ ಆಲಾ’. ಗಾಡಿ ಮನುಷ್ಯನಿಗೆ ಅಡ್ಡ ಬಂತೆಂದು ಎರಡು ಭಾಷೆಗಳಲ್ಲೂ ನಾವು ಕೇಳಿಲ್ಲ.

ಸೋಜಿಗವೆಂದರೆ ಕಾನೂನು ಹೀಗೆ ಹೇಳುವುದಿಲ್ಲ. ಕೂಡುರಸ್ತೆ, ತಿರುವು, ಪಾದಚಾರಿ ದಾಟು ಬಂದಾಗ ಚಾಲಕ ವೇಗ ತಗ್ಗಿಸಬೇಕು, ಅಲ್ಲಿರುವವರಿಗೆ ಅಪಾಯವಿಲ್ಲವೆಂದು ಖಾತ್ರಿಯಾಗುವವರೆಗೆ ಮುನ್ನುಗ್ಗಬಾರದು ಎಂದು 1989ರ ರಸ್ತೆ ನಿಯಮಗಳು ವಿಧಿಸಿದ್ದವು. ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳಲ್ಲಿ, ಸಿಗ್ನಲ್ಲಿಲ್ಲದ ದಾಟಿನಲ್ಲಿ ನಿಂತು ಪಾದಚಾರಿಗೆ ದಾರಿ ಬಿಡುವುದು ಚಾಲಕನ ಕರ್ತವ್ಯ. ಕಾಗದದ ಮೇಲೆ ಉಷವದಾತನ ದೋಣಿ ಇನ್ನೂ ತೇಲುತ್ತಿದೆ. ಕೇಂದ್ರ ಸರ್ಕಾರದ ಅಂಕಿಗಳ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು.

ನಾಸಿಕದ ಪೊಲೀಸರು 2021ರ ಆಗಸ್ಟಿನಲ್ಲಿ ‘ಹೆಲ್ಮೆಟ್ ಇಲ್ಲದಿದ್ದರೆ ಪೆಟ್ರೋಲ್ ಇಲ್ಲ’ ಎಂಬ ಕಟ್ಟಳೆ ತಂದಾಗ ನಾವು ಮೆಚ್ಚಿದ್ದೆವು. ಈಗಲೂ ಮೆಚ್ಚುತ್ತೇವೆ. ಆದರೆ ಹೆಲ್ಮೆಟ್ಟು ಸವಾರನ ತಲೆ ಕಾಯುತ್ತದೆ. ನಡೆಯುವವನಿಗೆ ಸವಾರನ ಕಣ್ಣಲ್ಲದೆ ಬೇರೆ ಹೆಲ್ಮೆಟ್ಟಿಲ್ಲ. ಪುಣೆಯ ರಸ್ತೆ ಬಂದು ಕೂಡುವ ದ್ವಾರಕಾ ವೃತ್ತದಲ್ಲಿ ಪಾದಚಾರಿಗಳಿಗೆಂದು ಕಟ್ಟಿದ ಸುರಂಗಮಾರ್ಗ ವರ್ಷಗಟ್ಟಲೆ ಬಳಕೆಯಿಲ್ಲದೆ ಉಳಿಯಿತು. ಜನಕ್ಕೆ ಬುದ್ಧಿಯಿಲ್ಲ ಎಂದರು ನಮ್ಮ ಸಹೋದ್ಯೋಗಿಗಳು. ಮೊಣಕಾಲು ನೋವಿನ ಅಜ್ಜಿ ಮೆಟ್ಟಿಲಿಳಿದು ಕತ್ತಲಲ್ಲಿ ನಡೆದು ಮತ್ತೆ ಮೆಟ್ಟಿಲೇರಬೇಕು, ಕಾರಿನಲ್ಲಿ ಕುಳಿತವನು ಮಾತ್ರ ನೆಲಮಟ್ಟದಲ್ಲಿ ನೇರ ಹೋಗಬೇಕು ಎಂಬ ಏರ್ಪಾಟಿನಲ್ಲಿ ಬುದ್ಧಿ ಎಲ್ಲಿದೆಯೆಂದು ನಮಗೂ ಕಾಣಲಿಲ್ಲ.

ಸಾವಿರಾರು ಕಾಲುಗಳು ಒಟ್ಟಾದರೆ ರಸ್ತೆ ದಾರಿ ಬಿಡುತ್ತದೆ. 2018ರ ಮಾರ್ಚ್ 6ರಂದು ನಾಸಿಕದಿಂದ ಹೊರಟ ರೈತರು ಇದೇ ಹೆದ್ದಾರಿಯಲ್ಲಿ ಸುಮಾರು 180 ಕಿಲೋಮೀಟರು ನಡೆದು ಮುಂಬಯಿ ಮುಟ್ಟಿದರು. ಹತ್ತನೆಯ ತರಗತಿಯ ಪರೀಕ್ಷೆಗೆ ಹೋಗುವ ಮಕ್ಕಳಿಗೆ ತೊಂದರೆಯಾಗದಿರಲೆಂದು ಕೊನೆಯ ಹಂತವನ್ನು ರಾತ್ರಿಯೇ ನಡೆದು ಮುಗಿಸಿದರು. ಚಕ್ರಗಳು ಕಾಲುಗಳ ಬಗ್ಗೆ ಅಷ್ಟು ಯೋಚಿಸಿದ ನಿದರ್ಶನ ನಮಗೆ ಗೊತ್ತಿಲ್ಲ. ಪ್ರತಿವರ್ಷ ಆಷಾಢಕ್ಕೆ ತ್ರ್ಯಂಬಕೇಶ್ವರದಿಂದ ನಿವೃತ್ತಿನಾಥರ ಪಾಲಕಿ, ಪೈಠಣದಿಂದ ಏಕನಾಥರ ಪಾಲಕಿ, ಪಂಢರಪುರದ ಆ ‘ಕಾನಡಾ’ ವಿಠ್ಠಲನತ್ತ ನಡೆಯುತ್ತವೆ; ಅಲ್ಲಿಯೂ ವಾಹನಗಳು ನಿಲ್ಲುತ್ತವೆ. ನಡೆಯುವವರು, ಸೈಕಲ್ಲಿನವರು ಹೆಚ್ಚಿರುವಲ್ಲಿ ಚಾಲಕರು ಹೆಚ್ಚು ಎಚ್ಚರವಾಗಿರುತ್ತಾರೆಂದು ಪೀಟರ್ ಜೇಕಬ್‌ಸನ್ ಎಂಬ ಸಂಶೋಧಕ 2003ರಲ್ಲಿ ತೋರಿಸಿದ. ಕಣ್ಣು ಗುಂಪನ್ನು ಕಾಣುತ್ತದೆ, ಒಂಟಿಯನ್ನು ಕಾಣದು. ಸಣ್ಣ ಗುಂಪಿಗೂ ಆ ಭಾಗ್ಯ ಖಚಿತವಲ್ಲ: 2022ರ ಅಕ್ಟೋಬರ್ 31ರ ಸಂಜೆ ಕೊಲ್ಹಾಪುರದ ಕಡೆಯಿಂದ ಪಂಢರಪುರಕ್ಕೆ ನಡೆದು ಹೊರಟಿದ್ದ ದಿಂಡಿಯೊಂದರ ಮೇಲೆ ಸಾಂಗೋಲೆಯ ಬಳಿ ಕಾರು ಹರಿದು 7 ಮಂದಿ ಸತ್ತರು.

ಇನ್ನೊಂದನ್ನು ಬರೆಯದೆ ಮುಂದೆ ಹೋಗಲಾಗದು. 2020ರ ಮೇ 8ರ ನಸುಕು. ಜಾಲ್ನಾದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಧ್ಯಪ್ರದೇಶದ ಕೂಲಿಗಳು, ಲಾಕ್‌ಡೌನಿನಲ್ಲಿ ಭುಸಾವಳದಿಂದ ರೈಲು ಸಿಗಬಹುದೆಂದು ನಡೆದು ಹೊರಟು, ಕರ್ಮಾಡದ ಸಮೀಪ ದಣಿದು ಹಳಿಗಳ ಮೇಲೆಯೇ ಮಲಗಿದ್ದರು. ರೈಲುಗಳು ಓಡುತ್ತಿಲ್ಲವೆಂಬ ನಂಬಿಕೆ. ಗೂಡ್ಸ್ ರೈಲು ಬಂತು. 16 ಮಂದಿ ಸತ್ತರು. ಚಾಲಕ ಅವರನ್ನು ಕಂಡಿದ್ದ, ನಿಲ್ಲಿಸಲು ಯತ್ನಿಸಿದ್ದ, ಆಗಲಿಲ್ಲ. ಕರ್ಮಾಡ ಇರುವುದು ಜಾಲ್ನಾ ರಸ್ತೆಯ ಮೇಲೆ, ನಾವು ದಿನವೂ ಕಚೇರಿಗೆ ಹೋಗುವ ಅದೇ ರಸ್ತೆಯ ಮುಂದಿನ ಊರು. ಆ ಚಾಲಕ ಕಂಡರೂ ನಿಲ್ಲಿಸಲಾಗಲಿಲ್ಲ. ನಾವು ನಿಲ್ಲಿಸಬಹುದಾಗಿದ್ದಾಗ ಕಾಣಲಿಲ್ಲ. ಅದನ್ನೂ ಹೇಳಿಬಿಡಬೇಕು.

ಕಳೆದ ವರ್ಷ ಒಂದು ಸಂಜೆ, ಜಾಲ್ನಾ ರಸ್ತೆಯ ಮೇಲ್ಸೇತುವೆಯೊಂದನ್ನು ಇಳಿಯುತ್ತಿದ್ದೆವು. ಫೋನು ಜೇಬಿನಲ್ಲೇ ಇತ್ತು. ಕುಡಿದಿರಲಿಲ್ಲ, ವೇಗವೂ 50ರ ಆಸುಪಾಸು. ಕಣ್ಣು ಮಾತ್ರ ಮುಂದಿನ ಸಿಗ್ನಲ್ಲಿನ ಇಳಿಯೆಣಿಕೆಯ ಅಂಕಿಗಳ ಮೇಲೆ ನೆಟ್ಟಿತ್ತು: ಒಂಬತ್ತು, ಎಂಟು, ಏಳು. ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರು ಓಡುತ್ತದೆ. ಕಂಡದ್ದನ್ನು ಮನಸ್ಸು ಗ್ರಹಿಸಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ 20 ಮೀಟರು ಮುಗಿದಿರುತ್ತದೆ. 30ರ ವೇಗವಾದರೆ ಅದು 12 ಮೀಟರು. ಈ ಲೆಕ್ಕವನ್ನು ನಾವು ಆಮೇಲೆ ಮಾಡಿದ್ದು. ಅಂದು ತಿಳಿದದ್ದು ಇಷ್ಟೇ: ವಿಭಜಕದ ಸಂದಿನಿಂದ, ಒಂದು ಕೈಯಲ್ಲಿ ಮಗಳನ್ನೂ ಇನ್ನೊಂದರಲ್ಲಿ ಅವಳ ಶಾಲೆಯ ಚೀಲವನ್ನೂ ಹಿಡಿದು ಇಳಿದವನೊಬ್ಬ ನಮ್ಮ ಬಾನೆಟ್ಟಿನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. ಚೀಲ ಕೆಳಗೆ ಬಿದ್ದಿತ್ತು. ಮಗು ನಮ್ಮನ್ನೇ ನೋಡುತ್ತಿತ್ತು. ಬಯ್ಗುಳಕ್ಕೆ ನಾವು ತಲೆ ತಗ್ಗಿಸಿ ಸಿದ್ಧರಾದೆವು. ಆತ ಬಾಗಿ ಚೀಲ ಎತ್ತಿಕೊಂಡು, ಕೈ ಎದೆಗಿಟ್ಟು, “ಚುಕಲಂ ಸಾಹೇಬ, ಮಾಫ್ ಕರಾ” ಎಂದ. ತಪ್ಪಾಯಿತು, ಕ್ಷಮಿಸಿ ಎಂದು. ಅವನು, ನಮಗೆ!

ಸಿಗ್ನಲ್ಲಿಲ್ಲದ ಆ ಜಾಗದಲ್ಲಿ ಕಾನೂನಿನ ಪ್ರಕಾರ ಯಾರು ಯಾರ ಕ್ಷಮೆ ಕೇಳಬೇಕಿತ್ತೆಂದು ವಿವರಿಸುವಷ್ಟು ಮರಾಠಿ ನಮ್ಮಲ್ಲಿತ್ತು. ಬಾಯಿ ಬರಲಿಲ್ಲ. ಹಿಂದಿನವರು ಹಾರ್ನ್ ಹೊಡೆಯತೊಡಗಿದ್ದರು, ನಾವು ಹೊರಟುಬಿಟ್ಟೆವು.

2027ರಲ್ಲಿ ನಾಸಿಕಕ್ಕೆ ಸಿಂಹಸ್ಥ ಕುಂಭ ಬರುತ್ತದೆ. ಲಕ್ಷಾಂತರ ಜನ ಮೈಲಿಗಟ್ಟಲೆ ನಡೆದು ರಾಮಕುಂಡ ಮುಟ್ಟುತ್ತಾರೆ, ಚಕ್ರಗಳು ಊರ ಹೊರಗೆ ನಿಲ್ಲುತ್ತವೆ. ಅದು ಗುಂಪಿನ ಮಾತು. ನಾವು ಈಗ ದಿನವೂ ಆ ವಿಭಜಕದ ಸಂದಿನ ಬಳಿ ಗಾಡಿ ನಿಧಾನಿಸಿ, ಯಾರಾದರೂ ಇದ್ದರೆ ನಿಲ್ಲಿಸುತ್ತೇವೆ. ಮೊನ್ನೆ ಡಬ್ಬಿ ಹಿಡಿದ ಮುದುಕಿಯೊಬ್ಬಳಿದ್ದಳು. ನಿಂತೆವು. ಆಕೆ ಕದಲಲಿಲ್ಲ. ಬನ್ನಿ ಎಂದು ಕೈಸನ್ನೆ ಮಾಡಿದೆವು. ಆಕೆ ನಮ್ಮ ಗಾಡಿಯನ್ನೂ ನಮ್ಮ ಮುಖವನ್ನೂ ಹಿಂದಿನ ರಿಕ್ಷಾವನ್ನೂ ಒಂದೊಂದಾಗಿ ನೋಡಿದಳು; ಗಾಡಿ ಕೆಟ್ಟಿರಬೇಕೆಂದು ತಿಳಿದಳೋ ಏನೋ. ಮತ್ತೆ ಕರೆದೆವು. ಕೊನೆಗೆ ಅಂಗೈಯನ್ನು ನಮ್ಮತ್ತ ಚಾಚಿಕೊಂಡೇ, ನಿಂತ ಗಾಡಿಯ ಮುಂದೆ, ಓಡುತ್ತ ದಾಟಿದಳು.