ಹಿಮ್ಮುಖ ವಹನ

ಹಿಮ್ಮುಖ ವಹನ: ಒಂದು ದಿಕ್ಕಿನ ಪ್ರವಾಹವನ್ನು ಹಿಡಿದು ಬಿಡುವ ಪವರ್ ಅರೆವಾಹಕ ಸ್ವಿಚ್ಚು ಎದುರು ದಿಕ್ಕಿನ ಪ್ರವಾಹಕ್ಕೂ ದಾರಿ ಕೊಡುವ ಗುಣ. ಇನ್‌ವರ್ಟರ್, ಇಂಡಕ್ಷನ್ ಒಲೆ, ವಿದ್ಯುತ್ ವಾಹನ, ರೈಲು ಎಂಜಿನ್ ಮುಂತಾದವುಗಳಲ್ಲಿ ಇದು ಬೇಕೇಬೇಕು. ಸೋರಿಕೆಯಾಗಲಿ, ಅತಿ ವೋಲ್ಟೇಜಿಗೆ ಸಾಧನ ಸೋತು ಪ್ರವಾಹ ನುಗ್ಗುವ ಭಂಗವಾಗಲಿ ಹಿಮ್ಮುಖ ವಹನವಲ್ಲ. ಮೊದಲು ಪಕ್ಕದಲ್ಲಿ ಬೇರೊಂದು ಡಯೋಡ್ ಕಟ್ಟಿ ಪಡೆಯುತ್ತಿದ್ದ ಈ ಗುಣವನ್ನು ಈಗ ಸ್ವಿಚ್ಚಿನ ಬಿಲ್ಲೆಯ (ಚಿಪ್) ಒಳಗೇ ರೂಪಿಸಲಾಗುತ್ತಿದೆ.

ಹಿನ್ನೆಲೆ

1874ರಲ್ಲಿ ಜರ್ಮನಿಯ ಫರ್ಡಿನಾಂಡ್ ಬ್ರೌನ್ ಲೋಹದ ಸಲ್ಫೈಡ್ ಹರಳಿಗೆ ತಂತಿಯ ಮೊನೆ ತಾಗಿಸಿದಾಗ ವಿದ್ಯುತ್ತು ಒಂದು ಕಡೆಗೆ ಸಲೀಸಾಗಿ, ಇನ್ನೊಂದು ಕಡೆಗೆ ಕಷ್ಟಪಟ್ಟು ಹರಿಯುವುದನ್ನು ಕಂಡರು. ರೇಡಿಯೋ ತರಂಗಗಳನ್ನು ಹಿಡಿಯುವ ಜಗದೀಶಚಂದ್ರ ಬೋಸರ ಗೆಲೀನಾ ಹರಳಿನ ಪತ್ತೆಕಾರಿಗೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಆಮೇಲೆ ಬಂದ ತಾಮ್ರದ ಆಕ್ಸೈಡ್ ಹಾಗೂ ಸೆಲೆನಿಯಂ ರೆಕ್ಟಿಫಯರ್‌ಗಳ ಕೆಲಸ ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿಸುವುದು. ಅಲ್ಲಿ ಹಿಂದಕ್ಕೆ ಹರಿದದ್ದೆಲ್ಲ ನಷ್ಟದ ಲೆಕ್ಕಕ್ಕೆ ಸೇರುತ್ತಿತ್ತು.

ಏಕಮುಖ ವಿದ್ಯುತ್ತನ್ನು ಅರೆವಾಹಕ ಸ್ವಿಚ್ಚುಗಳಿಂದ ಹಿಡಿದು ಬಿಟ್ಟು ಮೋಟಾರು ಓಡಿಸುವ ಕಾಲಕ್ಕೆ ಲೆಕ್ಕ ಬದಲಾಯಿತು. ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹ ಥಟ್ಟನೆ ನಿಲ್ಲದು. ಸ್ವಿಚ್ಚು ಪ್ರವಾಹ ತಡೆದ ಕೂಡಲೇ ಅದಕ್ಕೆ ಬೇರೆ ದಾರಿ ಸಿಗದಿದ್ದರೆ ವೋಲ್ಟೇಜ್ ಜಿಗಿದು ಸ್ವಿಚ್ಚನ್ನೇ ಸುಡುತ್ತದೆ. ಬ್ರೇಕ್ ಹಾಕಿದಾಗ ಮೋಟಾರು ಜನರೇಟರ್ ಆಗಿ, ವಿದ್ಯುತ್ತನ್ನು ಬ್ಯಾಟರಿಗೋ ತಂತಿಗೋ ಮರಳಿಸಬೇಕಾದಾಗಲೂ ಹಿಂದಿರುಗುವ ಹಾದಿ ಬೇಕು.

ಥೈರಿಸ್ಟರ್ ಕಾಲ

1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ರೂಪಿಸಿದ ಥೈರಿಸ್ಟರ್ ಎರಡೂ ದಿಕ್ಕಿನ ವೋಲ್ಟೇಜನ್ನು ತಡೆಯಬಲ್ಲದು, ಆದರೆ ಒಂದೇ ದಿಕ್ಕಿಗೆ ಒಯ್ಯುತ್ತದೆ. 1960ರ ದಶಕದ ಇನ್‌ವರ್ಟರ್‌ಗಳಲ್ಲಿ ಪ್ರತಿ ಥೈರಿಸ್ಟರ್‌ಗೂ ಬೆನ್ನು ತಿರುಗಿಸಿದ ಒಂದು ಡಯೋಡ್ ಜೊತೆಯಾಯಿತು. ಎರಡನ್ನೂ ಒಂದೇ ಬಿಲ್ಲೆಯಲ್ಲಿ ಸೇರಿಸಿದ ಹಿಮ್ಮುಖವಾಹಿ ಥೈರಿಸ್ಟರ್ 1970ರ ದಶಕದಲ್ಲಿ ವಿದ್ಯುತ್ ರೈಲುಗಳಲ್ಲಿ ಏಕಮುಖ ವಿದ್ಯುತ್ತನ್ನು ತುಂಡರಿಸಿ ಮೋಟಾರಿಗೆ ಕೊಡುವ ಚಾಪರ್ ಮಂಡಲಗಳಿಗೆ ಬಂತು. ಇದರಲ್ಲಿ ಲಾಭ ಎರಡು. ನಡುವಿನ ತಂತಿ ಇಲ್ಲವಾದ್ದರಿಂದ ಅದರ ಪ್ರೇರಕತ್ವವೂ ಹೋಯಿತು. ಹಿಮ್ಮುಖ ವೋಲ್ಟೇಜ್ ತಡೆಯುವ ಹೊಣೆ ತಪ್ಪಿದ್ದರಿಂದ ಬಿಲ್ಲೆಯನ್ನು ತೆಳುವಾಗಿಸಿ ವೇಗ ಹೆಚ್ಚಿಸಲು ಸಾಧ್ಯವಾಯಿತು.

ಮಾಸ್‌ಫೆಟ್‌ನ ಒಳ ಡಯೋಡ್

1970ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದ ಲಂಬರಚನೆಯ ಪವರ್ ಮಾಸ್‌ಫೆಟ್‌ನಲ್ಲಿ ಹಿಮ್ಮುಖ ಹಾದಿ ಕೇಳದೆಯೇ ಸಿಕ್ಕಿತು. ಆ ರಚನೆಯೊಳಗೆ ಬೇಡದ ಒಂದು ಟ್ರಾನ್ಸಿಸ್ಟರ್ ಅಡಗಿರುತ್ತದೆ. ಅದು ಎಚ್ಚರಗೊಳ್ಳದಂತೆ ಸೋರ್ಸ್ ಮತ್ತು ಅದರಡಿಯ ಪಿ-ಪದರಗಳನ್ನು ಒಂದೇ ಲೋಹದಿಂದ ಬೆಸೆಯುತ್ತಾರೆ. ಹೀಗೆ ಬೆಸೆದಾಗ ಪಿ-ಪದರಕ್ಕೂ ಡ್ರೈನ್‌ಗೂ ನಡುವಿನ ಸಂಧಿಯೇ ಪೂರ್ಣ ಡಯೋಡ್ ಆಗುತ್ತದೆ.

ಆದರೆ ಈ ಡಯೋಡ್ ನಿಧಾನಿ. ವಹಿಸುವಾಗ ಒಳಗೆ ತುಂಬಿಕೊಂಡ ಎಲೆಕ್ಟ್ರಾನ್ ಮತ್ತು ರಂಧ್ರಗಳು ಖಾಲಿಯಾಗುವವರೆಗೂ ಅದು ಮುಚ್ಚಿಕೊಳ್ಳದು. ಅಷ್ಟರಲ್ಲಿ ಜೋಡಿಯಾಗಿ ಕೆಲಸ ಮಾಡುವ ಎದುರಿನ ಸ್ವಿಚ್ಚು ವಹಿಸತೊಡಗಿದರೆ ಪ್ರವಾಹ ನುಗ್ಗುತ್ತದೆ, ಅಡಗಿದ್ದ ಟ್ರಾನ್ಸಿಸ್ಟರ್ ಎದ್ದು ಬಿಲ್ಲೆಯೇ ಸುಟ್ಟುಹೋಗಬಹುದು. ಮೋಟಾರು ಚಾಲಕಗಳನ್ನು ಕಟ್ಟುತ್ತಿದ್ದವರು ಸರಣಿಯಲ್ಲಿ ಒಂದು ಶಾಟ್ಕಿ ಡಯೋಡ್ ಹಾಕಿ ಒಳ ಡಯೋಡಿನ ದಾರಿ ಮುಚ್ಚಿ, ಹೊರಗೆ ವೇಗದ ಇನ್ನೊಂದು ಡಯೋಡ್ ಜೋಡಿಸುತ್ತಿದ್ದರು: ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ ಪಕ್ಕದ ಗೋಡೆಯಲ್ಲಿ ಬೇರೆ ಬಾಗಿಲು ಕೊರೆದಂತೆ. ತಯಾರಕರು ಪ್ಲಾಟಿನಂ ಬೆರೆಸಿ ಅಥವಾ ಎಲೆಕ್ಟ್ರಾನ್ ಕಿರಣ ಹಾಯಿಸಿ ಡಯೋಡನ್ನು ಚುರುಕುಗೊಳಿಸಿದರು.

ಗೇಟ್ ತೆರೆದಿದ್ದರೆ ಮಾಸ್‌ಫೆಟ್‌ನ ಕಾಲುವೆಯೂ (ಚಾನೆಲ್) ಎರಡು ದಿಕ್ಕಿಗೆ ವಹಿಸುತ್ತದೆ. ಡಯೋಡಿನ ಬದಲು ಮಾಸ್‌ಫೆಟ್ಟಿನಿಂದಲೇ ಪ್ರವಾಹವನ್ನು ಏಕಮುಖವಾಗಿಸುವ ಸಿಂಕ್ರನಸ್ ರೆಕ್ಟಿಫಿಕೇಶನ್ ನಿಂತಿರುವುದು ಇದರ ಮೇಲೆ. 20 ಆಂಪಿಯರ್ ಒಯ್ಯುವ ಸಾಮಾನ್ಯ ಡಯೋಡ್ 0.7 ವೋಲ್ಟ್ ಕಳೆದುಕೊಂಡರೆ 14 ವ್ಯಾಟ್ ಶಾಖವಾಗುತ್ತದೆ. 5 ಮಿಲಿಓಮ್‌ನ ಮಾಸ್‌ಫೆಟ್ ಅದೇ ಪ್ರವಾಹಕ್ಕೆ ಕಳೆಯುವುದು 2 ವ್ಯಾಟ್. ಕಂಪ್ಯೂಟರ್ ಪ್ರೊಸೆಸರ್‌ಗಳ ವೋಲ್ಟೇಜ್ 3.3ಕ್ಕೆ, ಅಲ್ಲಿಂದ 1ರ ಆಸುಪಾಸಿಗೆ ಇಳಿದಾಗ ಈ ವಿಧಾನ ಅನಿವಾರ್ಯವಾಯಿತು.

ಐಜಿಬಿಟಿ

ದಕ್ಷಿಣ ಕನ್ನಡದ ಬಂಟ್ವಾಳದ ಹೆಸರು ಹೊತ್ತ ಮನೆತನದ, ಬೆಂಗಳೂರಿನಲ್ಲಿ ಶಾಲೆ ಓದಿದ ಬಿ. ಜಯಂತ್ ಬಾಳಿಗ 1982ರಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದಾಗ ಮಾಸ್‌ಫೆಟ್ ರಚನೆಯ ಬೆನ್ನಿಗೆ ಪಿ-ಪದರ ಸೇರಿಸಿದ ಐಜಿಬಿಟಿ (ಇನ್ಸುಲೇಟೆಡ್ ಗೇಟ್ ಬೈಪೋಲಾರ್ ಟ್ರಾನ್ಸಿಸ್ಟರ್) ಎಂಬ ಸಾಧನವನ್ನು ಪ್ರಕಟಿಸಿದರು. ಆಗ ಅದಕ್ಕಿಟ್ಟ ಹೆಸರಲ್ಲೇ ‘ರೆಕ್ಟಿಫಯರ್’ ಎಂಬ ಪದವಿತ್ತು. ಬೆನ್ನಿನ ಪಿ-ಪದರ ರಂಧ್ರಗಳನ್ನು ಸುರಿಸಿ ವಹನನಷ್ಟವನ್ನು ಬಹಳ ತಗ್ಗಿಸುತ್ತದೆ, ಆದರೆ ಹಿಮ್ಮುಖ ಪ್ರವಾಹಕ್ಕೆ ಅದೇ ಗೋಡೆ. ಆದ್ದರಿಂದ ಐಜಿಬಿಟಿಯ ಜೊತೆಗೆ ಪ್ರತ್ಯೇಕ ಡಯೋಡ್ ಬಿಲ್ಲೆ ಇಡುವುದು ರೂಢಿಯಾಯಿತು.

ಬೆನ್ನಿನ ಪಿ-ಪದರದಲ್ಲಿ ಅಲ್ಲಲ್ಲಿ ಎನ್-ತೇಪೆಗಳನ್ನಿಟ್ಟರೆ ಒಂದೇ ಬಿಲ್ಲೆ ಎರಡೂ ಕೆಲಸ ಮಾಡುತ್ತದೆ. ಸಿಲಿಕಾನ್ ಬಿಲ್ಲೆಯನ್ನು ತೆಳುವಾಗಿ ಸವೆಸಿ ಹಿಂಬದಿಯಲ್ಲೂ ನಕ್ಷೆ ಮೂಡಿಸುವ ಕೌಶಲ ಕೈಗೂಡಿದ ಮೇಲೆ, 2000ದ ದಶಕದಲ್ಲಿ ಹಿಮ್ಮುಖವಾಹಿ ಐಜಿಬಿಟಿಗಳು ಬಂದವು. ಅವುಗಳ ತೊಡಕೆಂದರೆ, ಕಡಿಮೆ ಪ್ರವಾಹದಲ್ಲಿ ಎಲೆಕ್ಟ್ರಾನ್‌ಗಳು ಎನ್-ತೇಪೆಯಿಂದಲೇ ನುಸುಳಿಹೋಗುತ್ತವೆ. ಪಿ-ಪದರ ಸುಮ್ಮನಿದ್ದು ವೋಲ್ಟೇಜ್ ಏರುತ್ತದೆ, ಆಮೇಲೆ ದಿಢೀರನೆ ಕುಸಿಯುತ್ತದೆ. 2009ರಲ್ಲಿ ಎಬಿಬಿ ಕಂಪನಿಯ ಸಂಶೋಧಕರು ಪ್ರಕಟಿಸಿದ ದ್ವಿವಿಧಾನ ಟ್ರಾನ್ಸಿಸ್ಟರ್ ಬಿಲ್ಲೆಯ ಒಂದು ಭಾಗವನ್ನು ತೇಪೆಯಿಲ್ಲದೆ ಉಳಿಸಿ ಇದಕ್ಕೆ ಪರಿಹಾರ ಕಂಡಿತು.

ಇದರ ಬಳಕೆ ಅಡುಗೆಮನೆಗೂ ಮುಟ್ಟಿದೆ. ಅನೇಕ ಇಂಡಕ್ಷನ್ ಒಲೆಗಳಲ್ಲಿ ಇರುವುದು ಇಂಥ ಒಂದೇ ಸ್ವಿಚ್ಚು. ಸುರುಳಿ ಮತ್ತು ಕೆಪಾಸಿಟರ್‌ಗಳ ಆಂದೋಲನದಲ್ಲಿ ವೋಲ್ಟೇಜ್ ಸಾವಿರದ ಆಸುಪಾಸಿಗೆ ಏರಿ ಸೊನ್ನೆಯ ಕೆಳಗಿಳಿಯುವಾಗ ಒಳ ಡಯೋಡ್ ತೆರೆಯುತ್ತದೆ. ಆ ಕ್ಷಣದಲ್ಲೇ ಗೇಟ್‌ಗೆ ಸಂಕೇತ ಕೊಟ್ಟರೆ ಸ್ವಿಚ್ಚು ಹೆಚ್ಚುಕಡಿಮೆ ನಷ್ಟವಿಲ್ಲದೆ ಹೊತ್ತಿಕೊಳ್ಳುತ್ತದೆ. ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ಇದು ನಡೆಯುತ್ತದೆ.

ಹೊಸ ಅರೆವಾಹಕಗಳು

2010–11ರಲ್ಲಿ ಮಾರುಕಟ್ಟೆಗೆ ಬಂದ ಸಿಲಿಕಾನ್ ಕಾರ್ಬೈಡ್ ಮಾಸ್‌ಫೆಟ್‌ಗೂ ಒಳ ಡಯೋಡ್ ಇದೆ. ಅದರ ವೋಲ್ಟೇಜ್ ಇಳಿತ ಸುಮಾರು 3 ವೋಲ್ಟ್. ಅದರಲ್ಲಿ ಎಲೆಕ್ಟ್ರಾನ್-ರಂಧ್ರಗಳು ಕೂಡಿದಾಗ ಹೊಮ್ಮುವ ಶಕ್ತಿ ಹರಳಿನ ದೋಷಗಳನ್ನು ಹಿಗ್ಗಿಸಿ ಸಾಧನವನ್ನು ನಿಧಾನವಾಗಿ ಕೆಡಿಸಬಲ್ಲದೆಂಬುದು ಅದಕ್ಕೂ ಮೊದಲೇ ತಿಳಿದಿತ್ತು. ಹಾಗಾಗಿ ಡಯೋಡ್‌ನ ಪಾಳಿ ಮುಗಿಸಿ ಬೇಗನೆ ಗೇಟ್ ತೆರೆಯುವುದು, ಹರಳನ್ನೇ ಶುದ್ಧವಾಗಿ ಬೆಳೆಸುವುದು ಇವೆರಡೂ ಜೊತೆಯಾಗಿ ನಡೆದವು.

ಗ್ಯಾಲಿಯಂ ನೈಟ್ರೈಡ್ ಟ್ರಾನ್ಸಿಸ್ಟರ್‌ನಲ್ಲಿ ಒಳ ಡಯೋಡೇ ಇಲ್ಲ, ಹಿಮ್ಮುಖ ವಹನ ಮಾತ್ರ ಇದೆ. ಡ್ರೈನ್‌ನ ವೋಲ್ಟೇಜ್ ಗೇಟ್‌ಗಿಂತ ಸಾಕಷ್ಟು ಕೆಳಗಿಳಿದರೆ ಕಾಲುವೆ ಆ ತುದಿಯಿಂದ ತಾನಾಗಿ ತೆರೆದುಕೊಳ್ಳುತ್ತದೆ. ಖಾಲಿ ಮಾಡಬೇಕಾದ ರಂಧ್ರಗಳಿಲ್ಲವಾದ್ದರಿಂದ ಮುಚ್ಚುವಾಗ ಮಾಸ್‌ಫೆಟ್‌ನ ಆ ಹಳೆಯ ತಡ ಇಲ್ಲಿಲ್ಲ. ಆದರೆ ಗೇಟನ್ನು ಭದ್ರವಾಗಿ ಮುಚ್ಚಲು ಋಣ ವೋಲ್ಟೇಜ್ ಕೊಟ್ಟಷ್ಟೂ ಹಿಮ್ಮುಖ ಇಳಿತ ಹೆಚ್ಚುತ್ತದೆ.

ವಾಹಕತೆಯ ಮರಳಿಕೆ

ಪ್ರವಾಹದ ದಿಕ್ಕು ತಿರುಗುವುದು ಬೇರೆ, ವಸ್ತುವಿನ ವಾಹಕತೆ ಬದಲಾಗಿ ಮತ್ತೆ ಮೊದಲಿನಂತಾಗುವುದು ಬೇರೆ. 1968ರಲ್ಲಿ ಸ್ಟ್ಯಾನ್‌ಫರ್ಡ್ ಓವ್‌ಶಿನ್ಸ್ಕಿ ಗಾಜಿನಂಥ ಅರೆವಾಹಕಗಳಲ್ಲಿ ಎರಡನೆಯದನ್ನು ವರದಿ ಮಾಡಿದರು. 1971ರಲ್ಲಿ ಲಿಯಾನ್ ಚುವಾ ಮುಂದಿಟ್ಟ, ಹರಿದ ಪ್ರವಾಹವನ್ನು ನೆನಪಿಡುವ ರೋಧಕವಾದ ಮೆಮ್‌ರಿಸ್ಟರ್ ಕಲ್ಪನೆಯನ್ನು 2008ರಲ್ಲಿ ಎಚ್‌ಪಿ ಸಂಶೋಧಕರು ಟೈಟಾನಿಯಂ ಡೈಆಕ್ಸೈಡ್ ಪದರಕ್ಕೆ ಅನ್ವಯಿಸಿದರು. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಅಣುಪದರವೊಂದರಲ್ಲಿ ಸುಮಾರು 16,500 ವಾಹಕತೆಯ ಮಟ್ಟಗಳನ್ನು ತೋರಿಸಿತು. ಇವುಗಳ ಉಪಯೋಗ ಸ್ಮೃತಿ ಮತ್ತು ಗಣನೆಯಲ್ಲಿ. ಪವರ್ ಸ್ವಿಚ್ಚಿನ ಹಿಮ್ಮುಖ ವಹನಕ್ಕೂ ಇವಕ್ಕೂ ಹೆಸರಿನ ಹೋಲಿಕೆಯಷ್ಟೇ ನಂಟು.